ಹೆಣ್ಣುಮಕ್ಕಳಿಗೊಂದು ಹತ್ತಿಯ ಚೊಣ್ಣ

ಗದಗ-ಬೆಟಗೇರಿಯ ರೆಡಿಮೇಡ್ ಅಂಗಡಿಗೆ ಹೋಗಿ ‘ಹೆಣ್ಣುಮಕ್ಕಳ ಕಾಟನ್ ಶಾರ್ಟ್ಸ್ ತೋರಸ್ರಿ’ ಅಂದರೆ ಸಾಮಾನ್ಯವಾಗಿ ಮೂರು ಬಗೆಯ ಮಾಲು ಮುಂದೆ ಬೀಳುತ್ತದೆ. ಒಂದು, ಗಂಡಸರ ಅಳತೆಗೆ ಹೊಲಿದ ಬರ್ಮುಡಾ. ಇನ್ನೊಂದು, ಕೈಯಲ್ಲಿ ಹಿಡಿದರೆ ಜಾರುವ, ಮಿಂಚುವ ಪಾಲಿಯೆಸ್ಟರ್. ಮತ್ತೊಂದು, ಹೂವಿನ ಚಿತ್ರವಿರುವ ತೆಳು ಹೊಸೈರಿ. ಮೂರನ್ನೂ ‘ಕಾಟನ್’ ಎಂದೇ ಕೊಡುವ ಅಂಗಡಿಗಳಿವೆ. ಮನೆಗೆ ತಂದು ಒಂದು ವಾರ ಹಾಕಿದ ಮೇಲೆ ಗೊತ್ತಾಗುತ್ತದೆ: ಬರ್ಮುಡಾ ಸೊಂಟಕ್ಕೆ ದೊಗಳೆ, ಹಿಂಭಾಗಕ್ಕೆ ಬಿಗಿ, ಪಾಲಿಯೆಸ್ಟರ್ ಬೆವರಿಗೆ ಮೈಗೆ ಅಂಟುತ್ತದೆ, ಹೊಸೈರಿ ಕೂತಲ್ಲಿ ಜೋತು ಬೀಳುತ್ತದೆ.

ಮಾರ್ಚ್ ಕೊನೆಯಿಂದ ಮೇ ತನಕ ಈ ಸೀಮೆಯ ಬಿಸಿಲು ಎಂಥದೆಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ತಗಡಿನ ಮನೆಯಷ್ಟೇ ಸ್ಲ್ಯಾಬಿನ ಮನೆಯೂ ಕಾಯುತ್ತದೆ. ಆಗ ಗಂಡಸರು ಬನಿಯನ್ನು-ಚೊಣ್ಣದ ಮೇಲೆ ಪಡಸಾಲೆಯಲ್ಲಿ ಅಡ್ಡಾಗುತ್ತಾರೆ, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಅದೇ ಮನೆಯಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುವ ಹೆಣ್ಣುಮಗಳ ಮೈಮೇಲೆ ಪಾಲಿಯೆಸ್ಟರ್ ನೈಟಿ, ಅದರೊಳಗೆ ಲಂಗ, ಸೊಂಟಕ್ಕೆ ಬಿಗಿದ ಲಾಡಿ. ಲಾಡಿ ಕಟ್ಟಿದ ಜಾಗ ಕಪ್ಪಾಗುತ್ತದೆ, ತೊಡೆಸಂದಿ ಉಜ್ಜಿ ಉರಿಯುತ್ತದೆ, ಬೆವರು ನಿಂತಲ್ಲಿ ಗಜಕರ್ಣ ಹಬ್ಬುತ್ತದೆ. ಎಷ್ಟೋ ಮಂದಿ ಇದನ್ನು ಯಾರಿಗೂ ಹೇಳದೆ ಪುಡಿ ಹಾಕಿಕೊಂಡು ಸುಮ್ಮನಿರುತ್ತಾರೆ. ಹೆಣ್ಣಿನ ಮೈಗೂ ಗಾಳಿ ಬೇಕು. ಸರಿಯಾದ ಅರಿವಿಯ, ಸರಿಯಾದ ಅಳತೆಯ ಒಂದು ಹತ್ತಿಯ ಚೊಣ್ಣ ಈ ತೊಂದರೆಯಲ್ಲಿ ದೊಡ್ಡ ಪಾಲನ್ನು ಕಡಿಮೆ ಮಾಡುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಅದನ್ನು ಆರಿಸುವ ಬಗೆ ಹೇಗೆಂದು ಮುಂದೆ ನೋಡೋಣ.

ಅರಿವಿ ಮೊದಲು, ಬಣ್ಣ ಆಮೇಲೆ

ಹತ್ತಿಯ ವಿಷಯದಲ್ಲಿ ಗದಗಿನವರು ಯಾರ ಮುಂದೂ ತಲೆ ತಗ್ಗಿಸಬೇಕಿಲ್ಲ. ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದ ಧಾರವಾಡ ಸೀಮೆಯ ನಾಟಿ ಹತ್ತಿಗೆ ಹೊರದೇಶದ ಪೇಟೆಯಲ್ಲಿ ‘ಕುಮ್ಟಾ’ ಎಂದೇ ಹೆಸರಿತ್ತು. 19ನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಬೀಜ ಇಲ್ಲಿನ ಎರೆಮಣ್ಣಿಗೆ ಒಗ್ಗಿ ‘ಧಾರವಾಡ-ಅಮೆರಿಕನ್’ ಆಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳು ಭಾರತದ ಹತ್ತಿಗೆ ಮುಗಿಬಿದ್ದಾಗ ಈ ಭಾಗದ ಪೇಟೆಗಳ ನಸೀಬು ತೆರೆಯಿತು. ಧಾರವಾಡ-ಅಮೆರಿಕನ್ ತಳಿಯಿಂದ ಆಯ್ದು ಬೆಳೆಸಿದ ಒಂದು ಹತ್ತಿಗೆ ‘ಗದಗ-1’ ಎಂದು ಊರಿನ ಹೆಸರೇ ನಿಂತಿತು. ಗದಗ-1ರ ಸಂಕರದಿಂದ ‘ಲಕ್ಷ್ಮಿ’ ಬಂತು. ಆ ಲಕ್ಷ್ಮಿಯನ್ನು ಉದ್ದ ಎಳೆಯ ಬೇರೆ ಜಾತಿಯ ಹತ್ತಿಯೊಂದಿಗೆ ಕೂಡಿಸಿ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿಯವರು 1972ರಲ್ಲಿ ‘ವರಲಕ್ಷ್ಮಿ’ಯನ್ನು ಕೊಟ್ಟರು.

ಚೊಣ್ಣ ಕೊಳ್ಳುವವರಿಗೆ ಈ ವಂಶಾವಳಿ ಯಾಕೆ ಬೇಕೆಂದರೆ, ಅಲ್ಲಿ ಬೆಳೆಗಾರರೂ ತಜ್ಞರೂ ಬೆನ್ನುಹತ್ತಿದ್ದು ಎಳೆಯ ಉದ್ದವನ್ನು. ಎಳೆ ಉದ್ದವಿದ್ದಷ್ಟೂ ನೂಲು ನಯ ಮತ್ತು ಗಟ್ಟಿ. ಗಿಡ್ಡ ಎಳೆಯ ನೂಲಿನ ತುದಿಗಳು ಹೊರಗೆ ಚಾಚಿಕೊಂಡಿರುತ್ತವೆ. ತೊಡೆಗೆ ತೊಡೆ ಉಜ್ಜಿದಾಗ ಅವೇ ಗುಳ್ಳೆಗಟ್ಟಿ ಚರ್ಮವನ್ನು ಕೆರೆಯುತ್ತವೆ. ಎರಡು ಚೊಣ್ಣಗಳ ಮೇಲೂ ‘100% ಕಾಟನ್’ ಎಂದು ಬರೆದಿರಬಹುದು, ಆದರೂ ಒಂದು ವರ್ಷಗಟ್ಟಲೆ ಮೆತ್ತಗಿರುತ್ತದೆ, ಇನ್ನೊಂದು ಹತ್ತು ಒಗೆತಕ್ಕೇ ಗುಳ್ಳೆ ಏಳುತ್ತದೆ. ಹೊಸೈರಿ ಕೊಳ್ಳುವಾಗ ಚೀಟಿಯ ಮೇಲೆ ‘ಕೋಂಬ್ಡ್ ಕಾಟನ್’ ಎಂದಿದೆಯೇ ನೋಡಿ. ಗಿಡ್ಡ ಎಳೆಗಳನ್ನು ಬಾಚಿ ತೆಗೆದು ಉಳಿದದ್ದರಿಂದ ನೂತ ನೂಲು ಅದು. ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ಚಿಂತೆಯಿಲ್ಲ.

‘ಕಾಟನ್ ಫೀಲ್’, ‘ಕಾಟನ್ ರಿಚ್’, ‘ಕಾಟನ್ ಬ್ಲೆಂಡ್’ ಎಂಬ ಬರಹಕ್ಕೆ ಮರುಳಾಗಬೇಡಿ. ಮೊದಲನೆಯದರಲ್ಲಿ ಹತ್ತಿಯ ಎಳೆಯೇ ಇಲ್ಲದಿರಬಹುದು. ಒಳಗಿನ ಹೊಲಿಗೆಯ ಬಳಿ ಇರುವ ಚಿಕ್ಕ ಚೀಟಿಯಲ್ಲಿ ಶೇಕಡಾವಾರು ಬರೆದಿರುತ್ತದೆ, ಅದನ್ನೇ ಓದಿ. ಚೀಟಿಯಿಲ್ಲದ ಮಾಲಾದರೆ ಮನೆಗೆ ತಂದಮೇಲೆ ಒಳಅಂಚಿನಿಂದ ಒಂದೆರಡು ನೂಲೆಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಬಚ್ಚಲಲ್ಲಿ ಬೆಂಕಿಗೆ ತಾಗಿಸಿ ನೋಡಿ. ಹತ್ತಿ ಕಾಗದದಂತೆ ಉರಿದು ಮುಟ್ಟಿದರೆ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಲಿಗೆಯ ದಾರ ಪಾಲಿಯೆಸ್ಟರಿನದೇ ಇರುವುದು ಸಾಮಾನ್ಯ, ಹಾಗಾಗಿ ಅರಿವಿಯ ಎಳೆಯನ್ನೇ ಕೀಳಬೇಕು.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳೂ ಉಂಟು. ಒಂದು ಪದರ ಅರಿವಿಯನ್ನು ಬೆಳಕಿಗೆ ಹಿಡಿದು ಹಿಂದೆ ಅಂಗೈ ಇಡಿ. ಬೆರಳುಗಳನ್ನು ಎಣಿಸುವಷ್ಟು ಕಂಡರೆ ಅದು ಹೊರಗೆ ಹಾಕುವ ಚೊಣ್ಣವಾಗದು, ಒಳಲಂಗದ ಬದಲಿಗೆ ಮಾತ್ರ ಆದೀತು. ಹೊಸೈರಿಯಾದರೆ ಎರಡೂ ಕೈಯಲ್ಲಿ ಅಡ್ಡಕ್ಕೆ ಎಳೆದು ಬಿಡಿ. ಮೊದಲಿನ ಆಕಾರಕ್ಕೆ ಥಟ್ಟನೆ ಮರಳದಿದ್ದರೆ ಮೊಣಕಾಲಲ್ಲೂ ಹಿಂಭಾಗದಲ್ಲೂ ಅದು ಜೋಲುತ್ತದೆ. ಒದ್ದೆ ಕರವಸ್ತ್ರದ ತುದಿಯಿಂದ ಒಳಭಾಗವನ್ನು ಉಜ್ಜಿ, ಬಣ್ಣ ಹತ್ತಿದರೆ ಅಲ್ಲೇ ಬಿಟ್ಟು ಬನ್ನಿ. ಗಾಢ ಕೆಂಪು, ನೀಲಿ, ಕಪ್ಪಿನಲ್ಲಿ ಇದನ್ನು ತಪ್ಪದೆ ನೋಡಬೇಕು.

ಅರಿವಿಯ ದಪ್ಪವನ್ನು ಜಿಎಸ್‌ಎಂ ಎಂದು, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳುತ್ತಾರೆ. ಬೇಸಿಗೆಯಲ್ಲಿ ಮನೆಯಲ್ಲಿ ಹಾಕಲು 110ರಿಂದ 140ರ ಪಾಪ್ಲಿನ್ ಅಥವಾ ಅಷ್ಟೇ ತೂಕದ ಕೈಮಗ್ಗದ ಅರಿವಿ ಹಿತ. ವ್ಯಾಯಾಮಕ್ಕೆ 180ರ ಆಸುಪಾಸಿನ ಹೊಸೈರಿ ಸಾಕು. 220ರ ಮೇಲಿನ, ಒಳಗೆ ಕುಣಿಕೆ ಕುಣಿಕೆಯಾಗಿರುವ ಲೂಪ್‌ನಿಟ್ ಡಿಸೆಂಬರಿನ ಬೆಳಗಿಗೆ ಚೆಂದ, ಏಪ್ರಿಲ್‌ಗೆ ಅಲ್ಲ. ಬಳ್ಳಾರಿಯ ಜೀನ್ಸ್ ಹೆಸರುವಾಸಿ ನಿಜ, ಆದರೆ ಜೀನ್ಸಿನ ಚೊಣ್ಣವನ್ನು ವ್ಯಾಯಾಮಕ್ಕಾಗಲಿ ನಿದ್ದೆಗಾಗಲಿ ಕೊಳ್ಳಬೇಡಿ. ಹೊಲಿಗೆಗಳು ದಪ್ಪ, ಬೆವರು ಹೀರಿದರೆ ಒಣಗುವುದೇ ಇಲ್ಲ.

ವ್ಯಾಯಾಮಕ್ಕೆ ಒಂದು, ವಿರಾಮಕ್ಕೆ ಇನ್ನೊಂದು

ಒಂದೇ ಚೊಣ್ಣದಲ್ಲಿ ಎರಡೂ ಕೆಲಸ ತೀರಿಸಬೇಕೆಂಬ ಆಸೆಯೇ ಹಲವು ತಪ್ಪು ಖರೀದಿಗೆ ಕಾರಣ. ಹತ್ತಿಯ ಗುಣವನ್ನು ಇದ್ದ ಹಾಗೆ ತಿಳಿದರೆ ಗೊಂದಲ ಇರುವುದಿಲ್ಲ. ಸಾಧಾರಣ ಗಾಳಿಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವವನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಟ್ಟುಕೊಳ್ಳದು. ಸಣ್ಣಗೆ ಬೆವರುವಾಗ ಹತ್ತಿ ಹಿತವೆನಿಸುವುದು ಇದರಿಂದಲೇ. ಆದರೆ ಬೆವರು ಧಾರೆಯಾಗಿ ಇಳಿಯತೊಡಗಿದರೆ ಅದೇ ಗುಣ ತಿರುಗಿಬೀಳುತ್ತದೆ. ಅರಿವಿ ಭಾರವಾಗುತ್ತದೆ, ತೊಡೆಗೆ ಅಂಟುತ್ತದೆ, ಉಜ್ಜುತ್ತದೆ.

ಹೀಗಾಗಿ ಭೀಷ್ಮ ಕೆರೆಯ ಸುತ್ತ ಬೆಳಗಿನ ನಡಿಗೆ, ಮನೆಯ ಮಾಳಿಗೆಯ ಮೇಲೆ ಯೋಗ, ಸೂರ್ಯನಮಸ್ಕಾರ, ಸಣ್ಣ ಡಂಬಲ್ ಎತ್ತುವುದು, ಇವಕ್ಕೆ ಹತ್ತಿ ಧಾರಾಳ ಸಾಕು. ಇಲ್ಲಿನ ಬೇಸಿಗೆಯ ಗಾಳಿ ಒಣದು, ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೂ ಬರವಿಲ್ಲ, ಬೆವರು ಬೇಗ ಆರುತ್ತದೆ. ಕರಾವಳಿಯ ಊರಲ್ಲಿ ಸಿಗದ ಅನುಕೂಲ ಇದು. ಜುಲೈ-ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಮಾತ್ರ ಲೆಕ್ಕ ಬೇರೆ. ಓಟ, ಜುಂಬಾ, ಹಗ್ಗದಾಟ, ಜಿಮ್ಮಿನಲ್ಲಿ ಒಂದು ತಾಸಿನ ಬಿರುಸು ವ್ಯಾಯಾಮ ಮಾಡುವವರು ಶುದ್ಧ ಹತ್ತಿಯ ಹಟ ಬಿಡುವುದು ಒಳ್ಳೆಯದು. ಅಂಥವರಿಗೆ ಹತ್ತಿ-ಪಾಲಿಯೆಸ್ಟರ್ ಬೆರಕೆ ಆದೀತು. ಶುದ್ಧ ಹತ್ತಿಯೇ ಬೇಕೆಂದರೆ ಚೀಲದಲ್ಲಿ ಇನ್ನೊಂದು ಒಣ ಚೊಣ್ಣವಿರಲಿ, ಮುಗಿದ ಕೂಡಲೇ ಬದಲಿಸಿ. ಒದ್ದೆ ಚೊಣ್ಣದ ಮೇಲೆಯೇ ಸಂತಿ ಮಾಡಿಕೊಂಡು, ಹಾಲು ತಗೊಂಡು, ಮನೆಗೆ ಬಂದು ಚಹಾ ಕುಡಿಯುವ ರೂಢಿಯೇ ತುರಿಕೆಗೆ ದಾರಿ.

ಗದಗಿನಲ್ಲಿ ಸೈಕ್ಲಿಂಗ್ ಮಾಡುವ ಹುಡುಗಿಯರಿದ್ದಾರೆ. ದೂರದ ಸೈಕಲ್ ಸವಾರಿಗೆ ಹತ್ತಿ ಬೇಡವೇ ಬೇಡ. ಒಳಗೆ ಮೆತ್ತೆ ಇರುವ ಬಿಗಿ ಸೈಕ್ಲಿಂಗ್ ಶಾರ್ಟ್ಸ್ ಬೇರೆಯೇ ಸಿಗುತ್ತದೆ, ಅದನ್ನು ಒಳಚಡ್ಡಿಯಿಲ್ಲದೆ ಹಾಕಿಕೊಳ್ಳಬೇಕು. ಹೊಸದಾಗಿ ಸೈಕ್ಲಿಂಗ್ ತಂಡ ಸೇರಿದ ಮಗಳಿಗೆ ತಾಯಂದಿರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಡಬೇಕು.

ವ್ಯಾಯಾಮದ ಹತ್ತಿ ಚೊಣ್ಣದಲ್ಲಿ ಶೇ. 5ರಷ್ಟು ಸ್ಪ್ಯಾಂಡೆಕ್ಸ್, ಅಂದರೆ ಅಂಗಡಿಯವರು ‘ಲೈಕ್ರಾ’ ಎನ್ನುವ ಎಳೆ ಇದ್ದರೆ ಒಳ್ಳೆಯದೇ. ಕೂತೆದ್ದಾಗ ಆಕಾರ ಉಳಿಯುತ್ತದೆ. ಶೇ. 10 ದಾಟಿದರೆ ಅದು ಚರ್ಮಕ್ಕೆ ಅಂಟುವ ಬಿಗಿ ಉಡುಪಾಗುತ್ತದೆ. ಉದ್ದದ ವಿಷಯಕ್ಕೆ ಬಂದರೆ, ತೊಡೆಗಳು ಒಂದಕ್ಕೊಂದು ತಾಗುವವರಿಗೆ ಒಳಕಾಲಿನ ಹೊಲಿಗೆ ಕನಿಷ್ಠ 7 ಇಂಚು ಬೇಕು, 9 ಇದ್ದರೆ ಇನ್ನೂ ನಿಶ್ಚಿಂತೆ. ನಮ್ಮಲ್ಲಿ ಹೆಚ್ಚಿನವರ ತೊಡೆ ತಾಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಜಾಹೀರಾತಿನ 3 ಇಂಚಿನ ಚೊಣ್ಣ ನಡೆದಂತೆಲ್ಲ ಮೇಲೇರಿ ಸುರುಳಿಯಾಗುತ್ತದೆ, ಉಜ್ಜುವ ಜಾಗ ಬರಿದಾಗುತ್ತದೆ.

ವಿರಾಮದ ಚೊಣ್ಣಕ್ಕೆ ನಾನು ನೇಯ್ದ ಅರಿವಿಯ ಪಕ್ಷ. ಅದು ಮೈಗೂ ಬಟ್ಟೆಗೂ ನಡುವೆ ಗಾಳಿಗೆ ಜಾಗ ಬಿಡುತ್ತದೆ. ಬೆಟಗೇರಿ, ಗಜೇಂದ್ರಗಡಗಳಲ್ಲಿ ಕೈಮಗ್ಗದ ನೇಯ್ಗೆ ಇದೆ. ನಾಲ್ಕು ಕಡೆ ವಿಚಾರಿಸಿದರೆ ಚೌಕಳಿಯ ಹತ್ತಿ ಅರಿವಿ ಮೀಟರ್ ಲೆಕ್ಕದಲ್ಲಿ ಸಿಕ್ಕೀತು. ಖಾದಿ ಭಂಡಾರದಲ್ಲಿ ತೆಳು ಖಾದಿಯೂ ಸಿಗುತ್ತದೆ. ಕೈಮಗ್ಗದ್ದೆಂದು ಹೆಚ್ಚು ಬೆಲೆ ಕೇಳಿದರೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ಕೇಳಿ. ಕೈಮಗ್ಗದ ಅರಿವಿಯ ಎಳೆಗಳು ಸಡಿಲ, ಹಿಂಭಾಗದ ಹೊಲಿಗೆಯಲ್ಲಿ ಜರುಗಿ ಬಿರಿಯುವ ಸಂಭವ ಹೆಚ್ಚು. ಅದಕ್ಕೆ ಅಲ್ಲಿ ಜೋಡಿ ಹೊಲಿಗೆ ಹಾಕಿಸಿ, ಅಳತೆಯನ್ನು ಒಂದಿಂಚು ದೊಗಳೆಯಾಗಿಯೇ ಇಡಿಸಿ.

ಅವ್ವ, ಅಜ್ಜಿಯರ ಹಳೆಯ ಹತ್ತಿ ಸೀರೆ ಪೆಟ್ಟಿಗೆಯಲ್ಲಿದ್ದರೆ ಅದರಿಂದಲೂ ವಿರಾಮದ ಚೊಣ್ಣ ಹೊಲಿಸಬಹುದು. ಕೌದಿಗೆ ಹೋಗುವ ಸೀರೆಯಲ್ಲಿ ಒಂದು ಮೀಟರ್ ಇದಕ್ಕೂ ಸಂದರೆ ನಷ್ಟವಿಲ್ಲ. ಹಳೆಯ ಸೀರೆಯಷ್ಟು ಮೆತ್ತನೆಯ ಅರಿವಿ ಯಾವ ಅಂಗಡಿಯಲ್ಲೂ ಸಿಗದು. ಆದರೆ ಬೆಳಕಿಗೆ ಹಿಡಿದು, ಸವೆದು ಜಾಳಾದ ಜಾಗ ಬಿಟ್ಟು ಕತ್ತರಿಸಬೇಕು, ಅದನ್ನು ವ್ಯಾಯಾಮಕ್ಕೆ ಹಾಕಬಾರದು.

ಅಳತೆ

ಸೊಂಟದ ಅಳತೆ ಒಂದನ್ನೇ ಹೇಳಿ ಚೊಣ್ಣ ಕೊಂಡರೆ ನಾಲ್ಕರಲ್ಲಿ ಮೂರು ಸಲ ಅದು ಕೂಡುವಾಗ ಹಿಡಿಯುತ್ತದೆ. ಬೇಕಾದದ್ದು ಮೂರು ಅಳತೆ: ಸೊಂಟದ್ದು, ಹಿಂಭಾಗ ಅತಿ ಅಗಲವಿರುವಲ್ಲಿಯ ಸುತ್ತಳತೆ, ಮತ್ತು ಬಹುತೇಕ ಯಾರೂ ತೆಗೆಯದ ಕೂಡುವ ಆಳ. ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಪಕ್ಕದಲ್ಲಿ ಸೊಂಟದಿಂದ ಕುರ್ಚಿಯ ಹಲಗೆಯವರೆಗೆ ಟೇಪು ಹಿಡಿಯಿರಿ. ಅದಕ್ಕೆ ಒಂದರಿಂದ ಒಂದೂವರೆ ಇಂಚು ಸೇರಿಸಿದರೆ ಚೊಣ್ಣದ ಮೇಲ್ಭಾಗದ ಆಳ ಸಿಗುತ್ತದೆ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಉಣ್ಣುವ, ಕುಕ್ಕುರುಗಾಲಲ್ಲಿ ಕೂತು ಕಾಯಿಪಲ್ಯ ಹೆಚ್ಚುವ ನಮಗೆ ಈ ಆಳ ಬಲು ಮುಖ್ಯ. ಕುರ್ಚಿಯಲ್ಲೇ ಕೂಡುವವರಿಗೆಂದು ಕತ್ತರಿಸಿದ ಮಾಲು ನೆಲಕ್ಕೆ ಕೂತರೆ ಹಿಂದೆ ಕೆಳಗೆ ಜಾರುತ್ತದೆ, ಮುಂದೆ ಹೊಟ್ಟೆಗೆ ಒತ್ತುತ್ತದೆ.

ನೇಯ್ದ ಅರಿವಿಯದಾದರೆ ಹಿಂಭಾಗದ ಸುತ್ತಳತೆಗಿಂತ 3ರಿಂದ 4 ಇಂಚು ಹೆಚ್ಚಿರಲಿ. ಹೊಸೈರಿಗೆ ಒಂದಿಂಚು ಸಾಕು. ಅಂಗಡಿಯಲ್ಲಿ ಹಾಕಿ ನೋಡುವ ಕೋಣೆ ಇದ್ದರೆ ಬರೇ ಕನ್ನಡಿಯ ಮುಂದೆ ನಿಂತು ಬರಬೇಡಿ. ಕುಕ್ಕುರುಗಾಲಲ್ಲಿ ಕೂಡಿ, ಒಂದು ಮೊಣಕಾಲನ್ನು ಎದೆಯ ಮಟ್ಟಕ್ಕೆ ಎತ್ತಿ, ಬಾಗಿ ಪಾದ ಮುಟ್ಟಿ. ಎಲ್ಲಿಯಾದರೂ ಹಿಡಿದರೆ ಆ ಸೈಜು ನಿಮ್ಮದಲ್ಲ. ಅಂಥ ಕೋಣೆ ಇಲ್ಲದ ಅಂಗಡಿಗೆ ನಿಮಗೆ ಸರಿಹೊಂದುವ ಹಳೆಯ ಚೊಣ್ಣವನ್ನೋ ಪೈಜಾಮವನ್ನೋ ಒಯ್ದು ಮೇಲಿಟ್ಟು ಹೋಲಿಸಿ. ‘ಅಳತಿ ಆಗಲಿಲ್ಲಂದ್ರ ಬದಲಿ ಕೊಡ್ತೀರಿಲ್ರಿ?’ ಎಂದು ದುಡ್ಡು ಕೊಡುವ ಮುಂಚೆಯೇ ಕೇಳಿ.

ಮುಟ್ಟಿನ ದಿನಗಳಿಗೆಂದೇ ಒಂದು ಚೊಣ್ಣ ಬೇರೆ ಇಟ್ಟುಕೊಳ್ಳುವುದು ಜಾಣತನ. ಗಾಢ ಬಣ್ಣ, ಮೇಲ್ಭಾಗದ ಆಳ ಅರ್ಧ ಇಂಚು ಹೆಚ್ಚು, ಹೊಟ್ಟೆಗೆ ಒತ್ತದ ಪಟ್ಟಿ. ಒಳಚಡ್ಡಿ ಪ್ಯಾಡನ್ನು ಹಿಡಿದಿಡಬೇಕು, ಚೊಣ್ಣ ಅದರ ಮೇಲೆ ಸಡಿಲವಾಗಿರಬೇಕು. ಬಾಣಂತಿಯರಿಗೆ, ಸಿಸೇರಿಯನ್ ಆದವರಿಗೆ ಪಟ್ಟಿ ಹೊಲಿಗೆಯ ಗಾಯದ ಮೇಲೆ ಕೂಡದಂತೆ ಹೊಕ್ಕುಳಿನ ಮಟ್ಟಕ್ಕಿರಲಿ. ಮೊಣಕಾಲು ನೋವಿನ ವ್ಯಾಯಾಮ ಮಾಡುವ ಹಿರಿಯರಿಗೆ ಮೊಣಕಾಲಿನ ಕೆಳಗೆ ಬರುವ, ಅಗಲ ಕಾಲಿನ ಚೊಣ್ಣ ಒಳ್ಳೆಯದು. ಕಾಲು ಮಡಚಿ ಚಾಚುವಾಗ ಅರಿವಿ ಅಡ್ಡ ಬರುವುದಿಲ್ಲ, ಸೀರೆಯಂತೆ ಜಾರುವುದೂ ಇಲ್ಲ.

ಟೇಲರ್ ಹತ್ತಿರ

ನಮ್ಮ ಊರುಗಳ ದೊಡ್ಡ ಅನುಕೂಲವೆಂದರೆ ಓಣಿಗೊಬ್ಬ ಟೇಲರ್ ಇರುವುದು, ಅದರಲ್ಲೂ ಮನೆಯಲ್ಲೇ ಮಷಿನ್ ಇಟ್ಟುಕೊಂಡ ಹೆಣ್ಣುಮಕ್ಕಳು. ಅವರೊಡನೆ ಸಂಕೋಚವಿಲ್ಲದೆ ಮಾತಾಡಬಹುದು.

‘ಅಕ್ಕಾರ, ಚೊಣ್ಣ ಹೊಲಿಬೇಕ್ರಿ, ನನಗ.’
‘ಹೊಲಿಯೂಣಂತ, ತಂಗಿ. ಎಲಾಸ್ಟಿಕ್ ಹಾಕಲೋ, ಲಾಡಿ ಹಾಕಲೋ?’
‘ಎರಡೂ ಹಾಕ್ರಿ. ಎಲಾಸ್ಟಿಕ್ ಅಗಲಂದು ಇರಲಿ.’

ಇಷ್ಟು ಮಾತಿನಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧವನ್ನು ನೀವು ಕೇಳಿ ಮಾಡಿಸಬೇಕು. ಎಲಾಸ್ಟಿಕ್ ಒಂದರಿಂದ ಒಂದೂವರೆ ಇಂಚು ಅಗಲ, ಸೊಂಟದ ಅಳತೆಗಿಂತ ಎರಡು-ಮೂರು ಇಂಚು ಕಡಿಮೆ ಉದ್ದ. ಸಣ್ಣ ದಾರದಂಥ ಎಲಾಸ್ಟಿಕ್ ಚರ್ಮವನ್ನು ಕೊರೆಯುತ್ತದೆ. ಅದನ್ನು ಅರಿವಿಗೆ ಸೇರಿಸಿ ಹೊಲಿಯದೆ ಕೊಳವೆಯೊಳಗೆ ಪೋಣಿಸಿ, ಒಳಬದಿ ಒಂದಿಂಚು ಬಾಯಿ ಬಿಡಲು ಹೇಳಿ. ಅರಿವಿಗಿಂತ ಎಲಾಸ್ಟಿಕ್ ಮೊದಲು ಸಾಯುತ್ತದೆ. ಬಾಯಿ ಬಿಟ್ಟಿದ್ದರೆ ಐದು ನಿಮಿಷದಲ್ಲಿ ನೀವೇ ಹೊಸದು ಪೋಣಿಸಬಹುದು.

ಎರಡು ಕಾಲು ಕೂಡುವಲ್ಲಿ ವಜ್ರಾಕಾರದ ಒಂದು ತುಂಡು ಸೇರಿಸಲು ಹೇಳಿ. ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಕೂಡಿ ಗಂಟಾಗುವುದು ಇದರಿಂದ ತಪ್ಪುತ್ತದೆ, ಕಾಲು ಅಗಲಿಸಿದಾಗ ಬಿರಿಯುವುದೂ ತಪ್ಪುತ್ತದೆ. ನಾನು ಹೇಳುವ ಎಲ್ಲದರಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಪೇಟೆಯ ಸೋವಿ ಚೊಣ್ಣಗಳಲ್ಲಿ ಈ ತುಂಡು ಇರುವುದಿಲ್ಲ, ಅವು ಮೊದಲು ಹರಿಯುವುದೂ ಅಲ್ಲೇ. ಒಳಗಿನ ಅಂಚಿಗೆ ಓವರ್‌ಲಾಕ್ ಇರಲಿ. ಕಿಸೆಯನ್ನೂ ಮರೆಯಬೇಡಿ: ಫೋನು ಹಿಡಿಯುವಷ್ಟು ಆಳದ ಪಕ್ಕದ ಕಿಸೆ, ನಡೆಯಲು ಹೋಗುವವರಿಗೆ ಮನೆಯ ಬೀಗದ ಕೈಗೆ ಪುಟ್ಟ ಒಳಗಿಸೆ.

ಮೊಣಕಾಲಿನವರೆಗಿನ ಚೊಣ್ಣಕ್ಕೆ 44 ಇಂಚು ಪನ್ನದ ಅರಿವಿ ಒಂದೂಕಾಲು ಮೀಟರ್ ಸಾಕು. ಹಿಂಭಾಗದ ಸುತ್ತಳತೆ 44 ಇಂಚು ದಾಟಿದವರು ಒಂದೂವರೆ ತಗೊಳ್ಳಿ. ಕೊಡುವ ಮುಂಚೆ ಅರಿವಿಯನ್ನು ಒಂದು ರಾತ್ರಿ ನೀರಲ್ಲಿ ನೆನೆಯಿಟ್ಟು ಒಣಗಿಸಬೇಕು. ಹತ್ತಿ ಮೊದಲ ನೀರಿಗೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ. 20 ಇಂಚಿನ ಚೊಣ್ಣ ಒಂದಿಂಚು ಗಿಡ್ಡವಾಗುವುದೆಂದರೆ ಸಣ್ಣ ಮಾತಲ್ಲ.

ಮನೆಯಲ್ಲಿ ಅತ್ತೆ-ಮಾವ ಇದ್ದಾರೆ, ಮಂದಿ ಬಂದು ಹೋಗುತ್ತಾರೆ, ಹಾಕೋದು ಹೆಂಗ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮೊಣಕಾಲಿನ ಕೆಳಗೆ ನಾಲ್ಕು ಬೆರಳು ಬರುವ ಚೊಣ್ಣ, ಅದರ ಮೇಲೆ ತೊಡೆಯ ಮಧ್ಯಕ್ಕೆ ಬರುವ ಸಡಿಲ ಹತ್ತಿ ಕುರ್ತಾ ಹಾಕಿದರೆ ಪಡಸಾಲೆಯಲ್ಲೂ ನಿರಾಳವಾಗಿ ಓಡಾಡಬಹುದು. ಕೋಣೆಯೊಳಗೆ, ಮಲಗುವಾಗ ಗಿಡ್ಡದ್ದು ಹಾಕಿಕೊಳ್ಳಿ. ನೈಟಿ ಬಿಡಲು ಒಪ್ಪದವರು ಒಳಗೆ ಲಂಗದ ಬದಲು ತೆಳು ಹತ್ತಿ ಚೊಣ್ಣ ಹಾಕಿ ನೋಡಲಿ. ಲಾಡಿಯ ಕಟ್ಟು ತಪ್ಪುತ್ತದೆ, ತೊಡೆಗೆ ತೊಡೆ ತಾಗುವುದು ತಪ್ಪುತ್ತದೆ. ಎಷ್ಟೋ ಅತ್ತೆಯಂದಿರಿಗೆ ಇದು ಸೊಸೆಗಿಂತ ಮೊದಲು ಹಿಡಿಸೀತು.

ಒಗೆತ

ಈ ಭಾಗದಲ್ಲಿ ಬೋರಿನ ನೀರು ಗಡಸು. ಬಾರ್ ಸಾಬೂನಿನ ಅಂಶ ಗಡಸು ನೀರಿನಲ್ಲಿ ಜಿಗುಟಾಗಿ ಎಳೆಗಳ ನಡುವೆ ಕೂತು ಹತ್ತಿಯನ್ನು ಬಿರುಸು ಮಾಡುತ್ತದೆ. ಡಿಟರ್ಜೆಂಟ್ ಪುಡಿ ಕಡಿಮೆ ಹಾಕಿ, ಕೊನೆಯ ಜಾಲಾಟಕ್ಕೆ ನಳದ ಹೊಳೆನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿದರೆ ಅರಿವಿ ಮೆತ್ತಗುಳಿಯುತ್ತದೆ. ನಳದ ನೀರಿಗೆ ಕಾಯುವ ಮನೆಗಳಲ್ಲಿ ಬಕೆಟ್‌ಗಟ್ಟಲೆ ಜಾಲಿಸುವುದು ಆಗದ ಮಾತು; ಪುಡಿ ಕಡಿಮೆ ಹಾಕಿದರೆ ನೀರೂ ಕಡಿಮೆ ಸಾಕು. ಬಟ್ಟೆ ಮೆತ್ತಗಾಗಲೆಂದು ಹಾಕುವ ಕಂಡೀಷನರ್ ಬೇಡ, ಅದು ಎಳೆಗೆ ಪದರ ಕಟ್ಟಿ ಬೆವರು ಹೀರುವ ಗುಣವನ್ನೇ ಕುಗ್ಗಿಸುತ್ತದೆ. ಬೆವರಿನ ಚೊಣ್ಣವನ್ನು ಮುದ್ದೆ ಮಾಡಿ ಮೂಲೆಗೆ ಒಗೆಯದೆ ಹಗ್ಗದ ಮೇಲೆ ಹರವಿ. ಒಗೆದದ್ದನ್ನು ಒಳಮಗ್ಗುಲು ಮಾಡಿ ಬಯಲಲ್ಲೇ ಒಣಹಾಕಬೇಕು. ಹೆಂಗಸರ ಒಳಉಡುಪು, ಚೊಣ್ಣಗಳನ್ನು ಸೀರೆಯ ಕೆಳಗೆ ಮುಚ್ಚಿ ನೆರಳಲ್ಲಿ ಒಣಗಿಸುವ ಪದ್ಧತಿಯಿಂದ ಅವು ಪೂರ್ತಿ ಒಣಗುವುದೇ ಇಲ್ಲ, ಚರ್ಮದ ಕಾಯಿಲೆ ಮರುಕಳಿಸಲು ಅದೂ ಒಂದು ಕಾರಣ. ಗಜಕರ್ಣ ಇರುವಾಗ ಚೊಣ್ಣ, ಟವೆಲ್ಲುಗಳನ್ನು ಬೇರೆ ಒಗೆದು, ಬಿಸಿನೀರಲ್ಲಿ ಅದ್ದಿ, ಚರ್ಮದ ವೈದ್ಯರನ್ನು ಕಾಣಿ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಮೊದಲು ತಣಿಸಿದಂತೆ ಮಾಡಿ ಆಮೇಲೆ ಹೆಚ್ಚಿಸುತ್ತದೆ.

ದಿನಾ ವ್ಯಾಯಾಮ ಮಾಡುವವರಿಗೆ ಮೂರು ಚೊಣ್ಣ, ಮನೆಗೆ ಎರಡು, ಇಷ್ಟಿದ್ದರೆ ವರ್ಷ ಸಾಗುತ್ತದೆ. ಹೊಲಿಸುವವರು ಮದುವೆಯ ಹಂಗಾಮಿನಲ್ಲಿ ಹೋಗಬೇಡಿ. ಆಗ ಟೇಲರುಗಳಿಗೆ ಜಂಪರು ಹೊಲಿಯುವುದರಲ್ಲೇ ಪುರಸೊತ್ತಿರುವುದಿಲ್ಲ, ಚೊಣ್ಣ ಗಂಟಿನ ತಳಕ್ಕೆ ಹೋಗುತ್ತದೆ. ಮದುವೆಗಳಿಲ್ಲದ ಧನುರ್ಮಾಸದಲ್ಲಿ, ಅಂದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯೊಳಗೆ, ನೆನೆಸಿ ಒಣಗಿಸಿದ ಅರಿವಿ ಕೊಟ್ಟುಬಿಡಿ. ಮೊದಲು ಒಂದನ್ನೇ ಹೊಲಿಸಿ, ಹದಿನೈದು ದಿನ ಹಾಕಿ ಒಗೆದು ನೋಡಿ, ಎಲ್ಲಿ ಹಿಡಿಯುತ್ತದೆ, ಎಲ್ಲಿ ಜೋಲುತ್ತದೆ ಎಂದು ತಿದ್ದಿ ಹೇಳಿ ಉಳಿದವನ್ನು ಹೊಲಿಸಿದರೆ ಶಿವರಾತ್ರಿಯ ಹೊತ್ತಿಗೆ ಎಲ್ಲವೂ ಕೈಗೆ ಬಂದಿರುತ್ತವೆ.